ಪೊಳ್ಳು ಕಲ್ಲಿನ ಶನಿವಾರ

ನಾವು ಮೂವರು ಕುಡಿಯಲು ಹೊರಟರೆ ಏನಾದರೊಂದು ಆಗಿಯೇ ತೀರುತ್ತಿತ್ತು. ಬೇರೆ ಜನ ಬಾರಿಗೆ ಹೋಗುತ್ತಾರೆ, ಕೂಡುತ್ತಾರೆ, ಕುಡಿಯುತ್ತಾರೆ, ಮನೆಗೆ ಬಂದು ಮಲಗುತ್ತಾರೆ ಎಂದು ಕೇಳಿದ್ದೇನೆ. ಆ ಭಾಗ್ಯ ನಮ್ಮ ಹಣೆಯಲ್ಲಿ ಬರೆದಿರಲಿಲ್ಲ. ಹೈದರಾಬಾದಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸುಗ್ಗಿಯ ಕಾಲ ಅದು. ದಿನ ಬೆಳಗಾದರೆ ಒಂದು ಗಾಜಿನ ಕಟ್ಟಡ, ಅದರ ಬೆನ್ನಿಗೆ ಒಂದು ಬಾರು ಏಳುತ್ತಿದ್ದವು. ಅಷ್ಟು ಬಾರುಗಳಿದ್ದರೂ ಒಂದೇ ಟೇಬಲ್ಲಿಗೆ ಕೂತು ಒಂದು ಗ್ಲಾಸನ್ನು ನೆಮ್ಮದಿಯಿಂದ ಮುಗಿಸಿದ ದಿನ ನನಗೆ ನೆನಪಿಲ್ಲ.

ತಪ್ಪು ಬಾರಿನದಲ್ಲ, ನಮ್ಮ ಕಸುಬಿನದು. ನಾನು ಕೊಂಡಾಪುರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್. ಅಂದರೆ ಇನ್ನೊಬ್ಬರು ಬರೆದಿಟ್ಟದ್ದರಲ್ಲಿ ತಪ್ಪು ಹುಡುಕುವವನು. ಪಕ್ಕದ ರೂಮಿನ ಗೆಳೆಯ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ಕೆಮಿಸ್ಟ್. ಗುಳಿಗೆ, ಸಿರಪ್ಪಿನಲ್ಲಿ ತಪ್ಪು ಹುಡುಕುವವನು. ಅದರಾಚೆಯ ಮನೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಇದ್ದವನು ಯಾದಗಿರಿ ಕಡೆಯ ಫರಸಿ ಮೇಸ್ತ್ರಿ. ನೆಲಕ್ಕೆ ಕಲ್ಲು ಕೂಡಿಸುವುದು ಅವನ ಕೆಲಸ, ಮತ್ತೊಬ್ಬರು ಕೂಡಿಸಿದ ಕಲ್ಲಿನಲ್ಲಿ ತಪ್ಪು ಹುಡುಕುವುದು ಅವನ ಚಟ. ನಮ್ಮಿಬ್ಬರಿಗಿಂತ ಹದಿನೈದು ವರ್ಷ ದೊಡ್ಡವನು, ಹಾಗಾಗಿ ನಮಗೆ ‘ಅಣ್ಣಾ’. ಲಿಂಗಂಪಲ್ಲಿಯಲ್ಲಿ ಒಂದೇ ಮಾಳಿಗೆ, ಮೂರು ಬಾಗಿಲಿಗೂ ಒಂದೇ ನಲ್ಲಿ. ನೀರಿಗೆ ನಿಂತಾಗ ಕನ್ನಡ ಕಿವಿಗೆ ಬಿದ್ದು ಆದ ಗೆಳೆತನ.

ಆ ಶನಿವಾರ ಹೊರಟದ್ದು ನನ್ನ ನೌಕರಿ ಕಾಯಂ ಆದ ಖುಷಿಗೆ. ಇನ್ನೂ ಹೊತ್ತು ಮುಳುಗಿರಲಿಲ್ಲ.

ಎರಡು ಮಿಲಿ

ಮೊದಲು ಹೋದದ್ದು ಮನೆ ಹತ್ತಿರದ ಬಾರಿಗೆ. ಕೆಮಿಸ್ಟ್ ವಿಸ್ಕಿ ಹೇಳಿದ. ವೇಟರ್ ಗಾಜಿನ ಅಳತೆ ಲೋಟಕ್ಕೆ ಹುಯ್ದು ಇನ್ನೇನು ಗ್ಲಾಸಿಗೆ ಸುರಿಯಬೇಕು, ಇವನು “ತಡಿ” ಎಂದು ಕೈ ಹಿಡಿದ. ಲೋಟವನ್ನು ಟೇಬಲ್ಲಿನ ಮೇಲೆ ಇಡಿಸಿದ. ಕುರ್ಚಿಯಿಂದ ಇಳಿದು ಮೊಣಕಾಲೂರಿ, ಲೋಟದ ಗೆರೆಗೆ ಒಂದು ಕಣ್ಣು ಸಮ ಮಾಡಿ, ಇನ್ನೊಂದು ಕಣ್ಣು ಮುಚ್ಚಿ ನೋಡಿದ.

“ಎರಡು ಮಿಲಿ ಕಡಿಮಿ ಐತಿ.”

“ಬಿಡಲೇ, ಕುಡಿ,” ಅಂದೆ.

“ಹೆಂಗ ಬಿಡಲಿ? ನಮ್ಮ ಕಾರ್ಖಾನ್ಯಾಗ ಎರಡು ಮಿಲಿ ಕಡಿಮಿ ಬಂದ್ರ ಇಡೀ ಲಾಟು ಒಗೀತೀವಿ.”

ವೇಟರ್ ಗೊಣಗುತ್ತ ನಾಲ್ಕು ಹನಿ ಸೇರಿಸಿದ. ಕೆಮಿಸ್ಟ್ ಮತ್ತೆ ಮೊಣಕಾಲೂರಿದ. “ಈಗ ಒಂದು ಮಿಲಿ ಜಾಸ್ತಿ ಆತು,” ಎಂದು ಆ ಒಂದು ಮಿಲಿಯನ್ನು ಪ್ರಾಮಾಣಿಕವಾಗಿ ವಾಪಸ್ ಕೊಡಿಸಿದ. ಆಮೇಲೆ ಸೋಡಾ ಮೂಸಿದ. ಐಸ್ ತುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿದ.

ಇಷ್ಟು ಹೊತ್ತು ನೋಡುತ್ತಿದ್ದ ಪಕ್ಕದ ಟೇಬಲ್ಲಿನವನು ಎದ್ದು ಬಂದು ತನ್ನ ಪೆಗ್ಗನ್ನೂ ಮುಂದಿಟ್ಟ. “ಇದು ಸ್ವಲ್ಪ ನೋಡಿ ಸಾರ್.” ಅವನ ಹಿಂದೆ ಇನ್ನೊಬ್ಬ. ಹತ್ತು ನಿಮಿಷದಲ್ಲಿ ನಮ್ಮ ಟೇಬಲ್ಲಿನಿಂದ ಬಾಗಿಲವರೆಗೆ ಜನ ಗ್ಲಾಸು ಹಿಡಿದು ನಿಂತಿದ್ದರು. ಕೆಮಿಸ್ಟ್ ಎಲ್ಲರದ್ದೂ ನೋಡಿದ. ಒಬ್ಬ ಮುದುಕರಿಗೆ, “ನಿಮ್ಮದು ಸರಿ ಐತ್ರಿ, ಆದ್ರ ನೀವು ಕುಡೀಬ್ಯಾಡ್ರಿ,” ಎಂದು ಸಲಹೆಯನ್ನೂ ಕೊಟ್ಟ.

ಗಲ್ಲಾದ ಮೇಲಿದ್ದ ಮಾಲೀಕ ಎದ್ದು ಬಂದು ಎರಡೂ ಕೈ ಜೋಡಿಸಿದ. ಎದುರುಗಡೆ ಇನ್ನೊಂದು ಬಾರಿದೆ, ಅಲ್ಲಿ ಇದಕ್ಕಿಂತ ಮೋಸ ಜಾಸ್ತಿ, ದಯವಿಟ್ಟು ಅಲ್ಲಿಗೆ ಹೋಗಿ ಎಂದು ತೆಲುಗಿನಲ್ಲಿ ಬೇಡಿಕೊಂಡ. ನಾವು ಎದ್ದು ಹೊರಟಾಗ ಪಾಪದ ವೇಟರ್ ಮೆಟ್ಟಿಲವರೆಗೆ ಓಡಿ ಬಂದು ಕೇಳಿದ: “ಸಾರ್, ರಿಪೋರ್ಟ್ ಎಪ್ಪುಡು ಇಸ್ತಾರು?” ರಿಪೋರ್ಟು ಯಾವಾಗ ಕೊಡುತ್ತೀರಿ ಎಂದು!

ಆಸ್ಪತ್ರೆಯ ಕ್ಯಾಂಟೀನು

ಎದುರಿನ ಬಾರಿನಲ್ಲಿ ಎಸಿ ರೂಮಿತ್ತು. ಎಸಿ ರೂಮಿನಲ್ಲಿ ದೀಪ ಹಾಕಬಾರದು ಎಂಬ ಕಾನೂನು ಆಗಿನ ಎಲ್ಲ ಬಾರುಗಳಲ್ಲೂ ಇದ್ದಂತಿತ್ತು. ಎದುರು ಕೂತವನ ಮುಖ ಕಾಣುತ್ತಿರಲಿಲ್ಲ, ಕೈಗೆ ಸಿಕ್ಕದ್ದು ಶೇಂಗಾನೋ ಬೆರಳೋ ಎಂದು ಬಾಯಿಗಿಟ್ಟು ನೋಡಬೇಕು. ಕೆಮಿಸ್ಟಿಗೆ ಅಳತೆ ಕಾಣದಂತಾದದ್ದೇ ಒಳ್ಳೆಯದಾಯಿತು ಎಂದುಕೊಂಡು ಬಿಯರ್ ತರಿಸಿದೆ. ಒಂದು ಗುಟುಕು ಒಳಗೆ ಇಳಿದಿತ್ತು, ಮೊಬೈಲ್ ಬಡಿದುಕೊಂಡಿತು.

ನಮ್ಮ ಟೀಮ್ ಲೀಡರ್! ಅಂದು ರಾತ್ರಿ ಕಂಪನಿಯಲ್ಲಿ ಒಂದು ದೊಡ್ಡ ಸಾಫ್ಟ್‌ವೇರ್ ಗಿರಾಕಿಗೆ ಹೋಗುವುದಿತ್ತು. ಅದನ್ನು ಕಾಯುವ ಸರದಿ ಅವನದು, ನನ್ನದಲ್ಲ. ಆದರೂ ಫೋನು ಎತ್ತಿದೆ. ನೌಕರಿ ಕಾಯಂ ಆಗಿ ಇನ್ನೂ ಎಂಟು ದಿನ.

“ಎಲ್ಲಿದ್ದೀಯಾ?” ಹಿಂದಿಯಲ್ಲಿ ಕೇಳಿದ. ದನಿ ಭಾರವಾಗಿತ್ತು.

“ಮನೆಯಲ್ಲಿ ಸಾರ್. ಊಟಕ್ಕೆ ಕೂತಿದ್ದೆ.”

“ನಾನು ಆಸ್ಪತ್ರೆಯಲ್ಲಿದ್ದೀನಪ್ಪ. ಮಗನಿಗೆ ಜ್ವರ. ಡಾಕ್ಟರಿಗಾಗಿ ಕಾಯುತ್ತಾ ಇದ್ದೀನಿ. ಇವತ್ತಿನ ಕೆಲಸ ನೀನು ಸ್ವಲ್ಪ…”

ಅಷ್ಟರಲ್ಲಿ ಕತ್ತಲೊಳಗಿಂದ ವೇಟರ್ ಗಟ್ಟಿಯಾಗಿ ಕೂಗಿದ: “ಚಿಕನ್ ಸಿಕ್ಸ್‌ಟಿಫೈವ್ ಯಾವ ಟೇಬಲ್?”

ಆ ಕೂಗು ನನ್ನ ಬಲಗಿವಿಗೆ ಬಾರಿನಿಂದ ಕೇಳಿತು. ಎಡಗಿವಿಗೆ ಫೋನಿನಿಂದ ಕೇಳಿತು.

ನಮ್ಮ ಬೆನ್ನ ಹಿಂದಿನ ಟೇಬಲ್ಲಿನಲ್ಲಿ ಒಂದು ಮೊಬೈಲಿನ ಹಸಿರು ಬೆಳಕು ಮೆಲ್ಲಗೆ ತಿರುಗಿ ನನ್ನ ಮುಖದ ಮೇಲೆ ಬಿತ್ತು. ನನ್ನ ಫೋನಿನ ಬೆಳಕು ಅವನ ಮೇಲೆ ಬಿತ್ತು. ಇಬ್ಬರ ನಡುವೆ ಎರಡು ಮೊಳವೂ ಇರಲಿಲ್ಲ. ಇಬ್ಬರೂ ಫೋನು ಕಿವಿಯಿಂದ ತೆಗೆಯಲಿಲ್ಲ.

ಏನಾದರೂ ಮಾತಾಡಬೇಕಲ್ಲ? ಬಾಯಿಗೆ ಬಂದದ್ದನ್ನು ಕೇಳಿದೆ: “ಸಾರ್, ಆಸ್ಪತ್ರೆ ಕ್ಯಾಂಟೀನು ಚೆನ್ನಾಗಿದೆಯಾ?”

ಅವನು ನನ್ನ ಬಿಯರ್ ಗ್ಲಾಸು ನೋಡುತ್ತ ಹೇಳಿದ: “ನಿಮ್ಮ ಮನೆಯಷ್ಟಿಲ್ಲ.”

ನೀನಾದರೂ ಇಳಿ

ಟೀಮ್ ಲೀಡರ್ ಗೌರವದಿಂದ ಎದ್ದು ಆಫೀಸಿಗೆ ಹೋದ. ನಾವು ಅವನಿಗಿಂತ ಮೊದಲೇ ಹಿಂಬಾಗಿಲಿನಿಂದ ಹೊರಗೆ ಬಂದಿದ್ದೆವು. “ಇನ್ನ ಎಲ್ಲಿಗೆ?” ಎಂದು ಕೆಮಿಸ್ಟ್ ಕೇಳಿದ. ಆಗ ಮೇಸ್ತ್ರಿ, ಅಲ್ಲಿಯವರೆಗೆ ಹೆಚ್ಚು ಮಾತಾಡದಿದ್ದವನು, ನೆಲ ನೋಡುತ್ತ ಹೇಳಿದ: “ಕೊಂಡಾಪುರಕ್ಕ ಹೋಗೂಣೇನು? ಅಲ್ಲೊಂದು ಪಬ್ ಐತಿ. ನೆಲ ನಂದೇ.”

ಸೆವೆನ್ ಸೀಟರ್ ಆಟೋ ಹತ್ತಿದೆವು. ಏಳು ಸೀಟಿನದು, ಆದ್ದರಿಂದ ಹನ್ನೊಂದು ಜನ ಇದ್ದೆವು. ಅದರೊಳಗೇ ಮೇಸ್ತ್ರಿ ತನ್ನ ಹೊಟ್ಟೆಯೊಳಗಿನ ಸಂಕಟ ಬಿಚ್ಚಿದ.

ನಾಲ್ಕು ತಿಂಗಳ ಹಿಂದೆ ಆ ಪಬ್ಬಿನಲ್ಲಿ ಕುಣಿಯುವ ಜಾಗಕ್ಕೆ ಗ್ರಾನೈಟ್ ಕೂಡಿಸಿದ್ದು ಇವನು. ಮಾಲೀಕರಿಗೆ ಅವಸರ. ಕೊನೆಯ ದಿನ ಹೊತ್ತು ಮುಳುಗುವಾಗ ಕೂಡಿಸಿದ ಒಂದು ಕಲ್ಲಿನ ಕೆಳಗೆ ಸಿಮೆಂಟು ಮರಳಿನ ಮಾಲು ಕಡಿಮೆ ಬಿದ್ದಿತ್ತು.

“ಕಂಬದಿಂದ ಮೂರನೇ ಸಾಲು, ಏಳನೇ ಕಲ್ಲು. ಮುಂಜಾನೆ ಬಂದು ಕಿತ್ತು ಹಾಕ್ತೀನಿ ಅಂದ್ಕೊಂಡಿದ್ದೆ. ಮುಂಜಾನೆ ಬಂದ್ರ ಬಾಗಲಕ ರಿಬ್ಬನ್ ಕಟ್ಟ್ಯಾರ! ಒಳಗ ಬಿಡಲಿಲ್ಲ. ಅವತ್ತಿನಿಂದ ನಿದ್ದಿ ಇಲ್ಲ ತಮ್ಮಾ. ಮಲಗಿದ್ರ ಕಿವ್ಯಾಗ ಪೊಳ್ಳು ಸಪ್ಪಳ.”

“ಒಂದು ಕಲ್ಲು ಏನ್ ಮಾಡ್ತೈತಿ ಬಿಡಣ್ಣಾ,” ಅಂದ ಕೆಮಿಸ್ಟ್.

“ಎರಡು ಮಿಲಿ ಬಿಡಲಿಲ್ಲ ನೀ! ಅಲ್ಲಿ ಹೆಣ್ಣುಮಕ್ಕಳು ಗೇಣುದ್ದ ಹಿಮ್ಮಡ ಇರೋ ಚಪ್ಪಲಿ ಹಾಕ್ಕೊಂಡು ಕುಣೀತಾವಂತ. ಕಲ್ಲು ಒಡದು ಯಾರದರ ಕಾಲು ಮುರದ್ರ?”

ಹೇಳುತ್ತ ಹೇಳುತ್ತ ಅವನ ಹಿಮ್ಮಡಿ ತಾನಾಗಿಯೇ ಆಟೋದ ತಗಡಿನ ಮೇಲೆ ಟಕ್ ಟಕ್ ಎಂದು ಬಡಿಯತೊಡಗಿತು. ಹಿಂದೆ ಕೂತವರು ಇಳಿಯಬೇಕಾದರೆ ತಗಡು ಬಡಿಯುವುದು ಅಲ್ಲಿನ ರೂಢಿ. ಡ್ರೈವರ್ ಆಟೋ ನಿಲ್ಲಿಸಿದ. ಯಾರೂ ಇಳಿಯಲಿಲ್ಲ. ಹೊರಟ. ಮೇಸ್ತ್ರಿಗೆ ಮತ್ತೆ ಕಲ್ಲು ನೆನಪಾಯಿತು. ಟಕ್ ಟಕ್. ನಿಲ್ಲಿಸಿದ. ಹೀಗೆ ಐದು ಸಲ. ಆರನೇ ಸಲ ಡ್ರೈವರ್ ಎಂಜಿನ್ನೇ ಆರಿಸಿ, ಹಿಂದೆ ಬಂದು, ಮೇಸ್ತ್ರಿಯ ಮುಂದೆ ನಿಂತು ಅಳುವ ದನಿಯಲ್ಲಿ ಹೇಳಿದ: “ಅನ್ನಾ, ನುವ್ವನ್ನಾ ದಿಗು, ಲೇಕಪೋತೇ ನೇನನ್ನಾ ದಿಗುತಾ!” ನೀನಾದರೂ ಇಳಿ, ಇಲ್ಲವಾದರೆ ನಾನಾದರೂ ಇಳಿಯುತ್ತೇನೆ!

ಉಳಿದ ದಾರಿ ನಡೆದೆವು.

ಬೂಟು ಹಾಕಿದ ಕೆಲಸ

ಪಬ್ಬಿನ ಬಾಗಿಲಲ್ಲಿ ಕಪ್ಪು ಬಟ್ಟೆಯ ಒಬ್ಬ ಆಳು ನಿಂತಿದ್ದ. ಬಾಗಿಲಿಗಿಂತ ಅಗಲ ಇದ್ದ. ನಮ್ಮನ್ನು ಮೇಲಿಂದ ಕೆಳಗೆ ನೋಡಿ ಇಂಗ್ಲಿಷಿನಲ್ಲಿ ಎರಡು ತಪ್ಪು ಎಣಿಸಿದ. ಒಂದು, ಜೋಡಿ ಇಲ್ಲ. ಎರಡು, ಇವರ ಕಾಲಲ್ಲಿ ಬೂಟಿಲ್ಲ. ಮೇಸ್ತ್ರಿಯ ಕಾಲಲ್ಲಿ ಹವಾಯಿ ಚಪ್ಪಲಿ ಇತ್ತು.

ನಾನೂ ಕೆಮಿಸ್ಟೂ ತಿರುಗಿ ನಡೆದೆವು. ಮೇಸ್ತ್ರಿ ಕದಲಲಿಲ್ಲ. ಹೊಸ್ತಿಲನ್ನೇ ನೋಡುತ್ತ ತನ್ನಷ್ಟಕ್ಕೆ ಅಂದುಕೊಂಡ: “ಕಲ್ಲು ಕೂಡಸುವಾಗ ಬರಿಗಾಲಿಲೆ ನಡೀತಿತ್ತು. ಈಗ ನೋಡಾಕ ಬೂಟು ಬೇಕಂತ.”

ಆ ದೈತ್ಯನ ಮುಖ ಸಡಿಲಾಯಿತು. “ಯಾವೂರ್ರೀ ಕಾಕಾ?”

ನೋಡಿದರೆ ಅವನು ಶಹಾಪುರದವ! ಇಬ್ಬರ ಊರಿನ ನಡುವೆ ಒಂದು ತಾಸಿನ ದಾರಿ. ಮೇಸ್ತ್ರಿ ಮತ್ತೆ ಮೊದಲಿಂದ ಕಲ್ಲಿನ ಕಥೆ ಹೇಳಿದ. ಕೇಳುತ್ತ ಕೇಳುತ್ತ ಅವನಿಗೂ ಸಂಕಟ ಹತ್ತಿಕೊಂಡಿತು.

“ಚಪ್ಪಲಿಗೆ ದಾರಿ ಮಾಡಬಹುದು ಕಾಕಾ. ಜೋಡಿಗೆ ಏನ್ ಮಾಡೂಣು?”

“ಜೋಡಿ ಮನ್ಯಾಗ ರೊಟ್ಟಿ ಬಡ್ಯಾಕತ್ತಾಳ. ಕರಕೊಂಡು ಬಂದ್ರ ಆಕೀಗೂ ಬೂಟು ಬೇಕು, ಅಲ್ಲ?”

ಅವನು ಆಚೆ ಈಚೆ ನೋಡಿ ತನ್ನ ಬೂಟು ಕಳಚಿ ಮೇಸ್ತ್ರಿಗೆ ಕೊಟ್ಟ. ಮೇಸ್ತ್ರಿಯ ಎರಡೂ ಪಾದ ಒಂದೇ ಬೂಟಿನಲ್ಲಿ ಹಿಡಿಯುವಂತಿತ್ತು. ಅಷ್ಟರಲ್ಲಿ ಅವನ ಸೊಂಟದ ವಾಕಿಟಾಕಿ ಕಿರುಚಿತು. ಒಳಗಿನ ಮ್ಯಾನೇಜರ್: ಬಾಗಿಲಲ್ಲಿ ಯಾರದು?

ದೈತ್ಯ ಎದೆ ಸೆಟೆಸಿ ಹೇಳಿದ: “ಫ್ಲೋರ್ ಕನ್ಸಲ್ಟೆಂಟ್ ಬಂದಾರ ಸಾರ್! ಜೊತೆಗೆ ಇಬ್ಬರು ಅಸಿಸ್ಟೆಂಟ್ಸ್!” ಬಾಗಿಲು ತೆರೆಯಿತು.

ಮೇಸ್ತ್ರಿ ಒಳಗೆ ಹೋಗುತ್ತ ನನ್ನ ಕಿವಿಯಲ್ಲಿ ಕೇಳಿದ: “ಹಂಗಂದ್ರೇನು ತಮ್ಮಾ?”

“ನೀ ಮಾಡೋ ಕೆಲಸಾನೇ ಅಣ್ಣಾ,” ಅಂದೆ, “ಬೂಟು ಹಾಕ್ಕೊಂಡು ಮಾಡೋದು.”

ಸುಮ್ನಿರ್ರಿ

ಒಳಗೆ ಸಂಗೀತವೆಂದರೆ ಎದೆಗೂಡಿನ ಒಳಗೆ ಯಾರೋ ಒನಕೆ ಕುಟ್ಟಿದಂತೆ. ಇನ್ನೂ ಎಂಟು ಗಂಟೆ, ಆಗಲೇ ಕುಣಿಯುವ ಜಾಗ ತುಂಬಿತ್ತು. ಎಲ್ಲ ನಮ್ಮಂಥ ಹುಡುಗ ಹುಡುಗಿಯರೇ, ಕೆಲವರ ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ಕೂಡ ಇಳಿದಿರಲಿಲ್ಲ. ನಾನೂ ಕೆಮಿಸ್ಟೂ ಮೂಲೆ ಹಿಡಿದೆವು. ಮೇಸ್ತ್ರಿ ನೇರ ಕಂಬಕ್ಕೆ ಹೋಗಿ ಬೆನ್ನು ಹಚ್ಚಿ ನಿಂತು ಸಾಲು ಎಣಿಸಿದ.

ಮೂರನೇ ಸಾಲಿಗೆ ಬಂದ. ಒಂದನೇ ಕಲ್ಲಿನ ಮೇಲೆ ನಿಂತು ಬೂಟಿನ ಹಿಮ್ಮಡಿಯಿಂದ ಎರಡು ಸಲ ಬಡಿದ. ತಲೆ ಓರೆ ಮಾಡಿ, ಕಿವಿಗೆ ಕೈ ಹಚ್ಚಿ ಕೇಳಿದ. ಏನೂ ಕೇಳಲಿಲ್ಲ. ಮುಂದಿನ ಕಲ್ಲಿಗೆ ಜಿಗಿದ. ಮತ್ತೆ ಬಡಿತ, ಮತ್ತೆ ಕಿವಿಗೆ ಕೈ. ಬೂಟು ದೊಡ್ಡದಾಗಿ ಕಾಲು ಜಾರುತ್ತಿದ್ದುದರಿಂದ ನಡುವೆ ಒಂದು ಸಣ್ಣ ಓಲಾಟ ಬೇರೆ.

ಅಲ್ಲೇ ಕುಣಿಯುತ್ತಿದ್ದ ಒಬ್ಬ ಹುಡುಗಿ ಇದನ್ನು ನೋಡಿ, ನೋಡಿ, ತಾನೂ ಹಿಮ್ಮಡಿ ಬಡಿದು ಕಿವಿಗೆ ಕೈ ಹಚ್ಚಿದಳು. ಅವಳ ಗೆಳತಿ ಅವಳನ್ನು ನೋಡಿದಳು. ಮೇಸ್ತ್ರಿ ನಾಲ್ಕನೇ ಕಲ್ಲಿಗೆ ಬರುವಷ್ಟರಲ್ಲಿ ಅವನ ಹಿಂದೆ ಹತ್ತು ಜನ. ಐದನೇ ಕಲ್ಲಿಗೆ ಇಡೀ ಹಾಲ್. ಎಲ್ಲರೂ ಎರಡು ಸಲ ಬಡಿಯುವುದು, ಓಲಾಡುವುದು, ಕಿವಿಗೆ ಕೈ ಹಚ್ಚುವುದು.

ಏಳನೇ ಕಲ್ಲಿನ ಮೇಲೆ ಒಬ್ಬ ದಪ್ಪ ಹುಡುಗ ನಿಂತಿದ್ದ. ಮೇಸ್ತ್ರಿ ಕೈ ಬೀಸಿ ಕೂಗಿದ: “ಸರೀರಿ! ಆಚೆ ಸರೀರಿ!”

ಐವತ್ತು ಜನ ಕೈ ಬೀಸಿ ಕೂಗಿದರು: “ಸರೀರೀ!” ಎಲ್ಲರೂ ಒಟ್ಟಿಗೆ ಒಂದು ಹೆಜ್ಜೆ ಆಚೆ ಸರಿದರು. ಮೇಸ್ತ್ರಿಗೆ ಗಾಬರಿ. ಇಷ್ಟು ಮಾತು ಕೇಳುವ ಜನರನ್ನು ಅವನು ಎಂದೂ ನೋಡಿರಲಿಲ್ಲ.

ಕಲ್ಲು ಖಾಲಿಯಾಯಿತು. ಬಡಿದ. ಈ ಗದ್ದಲದಲ್ಲಿ ಏನು ಕೇಳಬೇಕು? ನಾಲ್ಕು ತಿಂಗಳು ಕಾದವನ ತಾಳ್ಮೆ ಅಲ್ಲಿಗೆ ಹರಿಯಿತು. ಎರಡೂ ಕೈ ಮೇಲೆತ್ತಿ ಗಂಟಲು ಕಿತ್ತುಹೋಗುವಂತೆ ಒದರಿದ: “ಏ, ಸುಮ್ನಿರ್ರೋ!”

ಎಲ್ಲರೂ ಎರಡೂ ಕೈ ಮೇಲೆತ್ತಿ ಅದಕ್ಕಿಂತ ಜೋರಾಗಿ ಒದರಿದರು: “ಸುಮ್ನಿರ್ರೋ!”

ಕೊನೆಗೆ ಮೇಸ್ತ್ರಿ ಹಾಡು ಹಾಕುವವನ ಬಳಿಗೇ ಹೋಗಿ ಕೈ ಮುಗಿದ. ಅವನು, ಇವನು ಯಾರೋ ದೊಡ್ಡ ಡ್ಯಾನ್ಸ್ ಮಾಸ್ಟರ್ ಇರಬೇಕು ಎಂದುಕೊಂಡು ಹಾಡು ನಿಲ್ಲಿಸಿದ. ಇಡೀ ಹಾಲ್ ಸ್ತಬ್ಧ. ಮೇಸ್ತ್ರಿ ಏಳನೇ ಕಲ್ಲಿನ ಬಳಿ ಕುಕ್ಕರಗಾಲಿನಲ್ಲಿ ಕೂತ. ಜೇಬಿನಿಂದ ಮನೆಯ ಬೀಗದ ಕೈ ತೆಗೆದ. ಪಕ್ಕದ ಕಲ್ಲಿಗೆ ಬಡಿದ: ಟಣ್. ಇದಕ್ಕೆ ಬಡಿದ: ದೊಬ್.

ಅವನ ಮುಖ ನೋಡಬೇಕಿತ್ತು. ದುಃಖವಲ್ಲ ಅದು. ತಾನು ಹುಚ್ಚನಲ್ಲ ಎಂದು ಡಾಕ್ಟರು ಬರೆದುಕೊಟ್ಟ ಮುಖ. ಎದ್ದು ನಿಂತು ನಮ್ಮ ಮೂಲೆಯ ಕಡೆ ಕೂಗಿದ: “ತಮ್ಮಾ! ನಾ ಹೇಳಿದ್ದಿಲ್ಲ? ಪೊಳ್ಳು ಐತಿ!”

ಇಡೀ ಹಾಲ್ ಒಂದೇ ಗಂಟಲಿನಲ್ಲಿ, “ಪೊಳ್ಳು ಐತೀ!”

ಏಳು ದಿನದ ನೀರು

ಮ್ಯಾನೇಜರ್ ಓಡಿ ಬಂದ. ಅವನಿಗೂ ಬೀಗದ ಕೈ ಕೊಟ್ಟು ಸಪ್ಪಳ ಕೇಳಿಸಿದೆವು. ಯಾರದಾದರೂ ಕಾಲು ಮುರಿದರೆ ಏನಾದೀತು ಎಂಬುದು ಅವನಿಗೂ ತಿಳಿಯಿತು. ಮರುದಿನ ಭಾನುವಾರ ಮುಂಜಾನೆ ಮೇಸ್ತ್ರಿ ಹೋಗಿ ಆ ಕಲ್ಲು ಎಬ್ಬಿಸಿ, ಕೆಳಗೆ ಹೊಟ್ಟೆ ತುಂಬ ಮಾಲು ಹಾಕಿ ಹೊಸದಾಗಿ ಕೂಡಿಸಿದ. ಆಮೇಲೆ ಒಂದೇ ಷರತ್ತು ಹೇಳಿದ: “ಏಳು ದಿನ ಇದರ ಮ್ಯಾಲ ಯಾರೂ ಕಾಲಿಡಬಾರದು. ದಿನಾ ಸಂಜಿಗೆ ನಾ ಬಂದು ನೀರು ಹೊಡೀತೀನಿ.”

ಪಬ್ ಮುಚ್ಚುವಂತಿಲ್ಲ. ಮ್ಯಾನೇಜರ್ ಆ ಒಂದು ಕಲ್ಲಿನ ಸುತ್ತ ನಾಲ್ಕು ಹಿತ್ತಾಳೆ ಕಂಬ ನಿಲ್ಲಿಸಿ ಹಗ್ಗ ಕಟ್ಟಿಸಿದ. ಮೇಸ್ತ್ರಿ ಕಲ್ಲಿನ ಮೇಲೆ ಹಸಿ ಗೋಣಿತಟ್ಟು ಹೊದಿಸಿದ. ಗೋಣಿತಟ್ಟು ಪಬ್ಬಿಗೆ ಶೋಭೆಯಲ್ಲ ಎಂದು ಮ್ಯಾನೇಜರ್ ಅದರ ಮೇಲೆ ಕೆಂಪು ಮಖಮಲ್ಲು ಹಾಸಿದ. ದಿನಾ ಸಂಜೆ, ಸಂಗೀತದ ನಡುವೆ, ಮೇಸ್ತ್ರಿ ಚೊಂಬಿನಲ್ಲಿ ನೀರು ತಂದು, ಹಗ್ಗ ದಾಟಿ, ಮಖಮಲ್ಲು ಸರಿಸಿ, ಬಗ್ಗಿ ನೀರು ಚಿಮುಕಿಸಿ, ಹಿಂದೆ ಹಿಂದೆ ನಡೆದು ಹೊರಬರುತ್ತಿದ್ದ. ಹಸಿ ನೆಲದಲ್ಲಿ ಬೂಟು ಜಾರುತ್ತದೆಂದು ಬರಿಗಾಲಲ್ಲಿ.

ಏಳನೆಯ ದಿನ ಹಗ್ಗ ಬಿಚ್ಚುವುದನ್ನು ನೋಡಲು ನಾವೂ ಹೋದೆವು. ಒಳಗೆ ಕಾಲಿಟ್ಟು ನೋಡುತ್ತೇವೆ, ಹಿತ್ತಾಳೆ ಕಂಬಗಳಿಗೆ ಮಲ್ಲಿಗೆಯ ಮಾಲೆ. ಬಾರಿನ ಅರ್ಧ ನಿಂಬೆಹಣ್ಣಿಗೆ ಚುಚ್ಚಿದ ಎರಡು ಊದಿನಕಡ್ಡಿ. ನಡುರಸ್ತೆಯಲ್ಲಿ ಗುಡಿಯೋ ಸಮಾಧಿಯೋ ಇದ್ದರೆ ರಸ್ತೆಯೇ ಸುತ್ತಿಕೊಂಡು ಹೋಗುವ ಊರಿದು. ಡ್ಯಾನ್ಸಿನ ನಡುವೆ ಒಂದಿದ್ದರೆ ಯಾರಿಗೆ ಅನುಮಾನ?

ಹಗ್ಗದ ಹೊರಗೆ ಕೊರಳಲ್ಲಿ ಗುರುತಿನ ಚೀಟಿ ಇದ್ದ ಒಬ್ಬ ಹುಡುಗ ಬೂಟು ಕಳಚಿ, ಕಣ್ಣು ಮುಚ್ಚಿ, ಕೈ ಮುಗಿದು ನಿಂತಿದ್ದ. ಬಿಯರ್ ಗ್ಲಾಸನ್ನು ಭಕ್ತಿಯಿಂದ ದೂರ ಇಟ್ಟಿದ್ದ. ಏನು ವಿಷಯ ಎಂದು ಹಿಂದಿಯಲ್ಲಿ ಕೇಳಿದೆ.

“ಸೋಮವಾರ ಅಮೆರಿಕದ ವೀಸಾ ಇಂಟರ್‌ವ್ಯೂ,” ಎಂದ ಮೆಲ್ಲಗೆ. “ಇಲ್ಲಿ ಬೇಡಿಕೊಂಡರೆ ಆಗುತ್ತದಂತೆ. ಬುಧವಾರ ಒಬ್ಬನಿಗೆ ಆಯಿತು.”

ಮಾಲೆ, ಊದಿನಕಡ್ಡಿಯೂ ಮಖಮಲ್ಲಿನಂತೆ ಮ್ಯಾನೇಜರನ ಶೋಭೆಯೇ ಎಂದುಕೊಂಡಿದ್ದ ಮೇಸ್ತ್ರಿ ಆ ಹೊತ್ತಿಗೆ ಸರಿಯಾಗಿ ಬಂದ. ಹಗ್ಗ ಬಿಚ್ಚಿದ. ಮಖಮಲ್ಲು ಮಡಿಚಿದ. ಗೋಣಿತಟ್ಟು ತೆಗೆದ. ಕುಕ್ಕರಗಾಲಿನಲ್ಲಿ ಕೂತು ಬೀಗದ ಕೈಯಿಂದ ಬಡಿದು ಕಿವಿಗೊಟ್ಟ.

ಟಣ್.

ಮೇಸ್ತ್ರಿಯ ಮುಖದಲ್ಲಿ ನಾಲ್ಕು ತಿಂಗಳ ನಿದ್ದೆ ಒಮ್ಮೆಗೇ ಬಂದು ಕೂತಿತು. ಹುಡುಗ ಮುಗಿದ ಕೈ ಇಳಿಸದೆ ಕೇಳಿದ: “ಬಾಬಾ, ಕ್ಯಾ ಬೋಲಾ?” ಏನು ಹೇಳಿತು?

ಕಲ್ಲಿನ ವಿಷಯ ಕೇಳುತ್ತಿದ್ದಾನೆಂದು ತಿಳಿದ ಮೇಸ್ತ್ರಿ ತನಗೆ ಬರುವ ಹಿಂದಿಯಲ್ಲಿ ಸಂತೋಷದಿಂದ ಹೇಳಿದ: “ಪಕ್ಕಾ ಹೋ ಗಯಾ!” ಗಟ್ಟಿ ಆಯಿತು!

ಹುಡುಗ ದಡಕ್ಕನೆ ಮೇಸ್ತ್ರಿಯ ಕಾಲಿಗೆ ಬಿದ್ದ. ಎದ್ದವನೇ ಬೂಟು ಕೈಯಲ್ಲಿ ಹಿಡಿದು, ಫೋನಿನಲ್ಲಿ ಅಮ್ಮನಿಗೆ ಹೇಳುತ್ತ ಹೊರಗೆ ಓಡಿದ.

ಮೇಸ್ತ್ರಿ ಕಣ್ಣು ಕಣ್ಣು ಬಿಡುತ್ತ ನನ್ನ ಕಡೆ ನೋಡಿದ. “ತಮ್ಮಾ, ನಾ ಕಲ್ಲಿನ ಮಾತು ಹೇಳಿದ್ದು. ಅಂವಗ ಏನಾತು?”

ನಾನು ಉತ್ತರ ಕೊಡುವ ಮೊದಲೇ ಹಿಂದೆ ಬೂಟು ಕಳಚುವ ಸಪ್ಪಳ ಕೇಳಿತು. ತಿರುಗಿ ನೋಡಿದರೆ ಹತ್ತು ಹನ್ನೆರಡು ಜನ ಗ್ಲಾಸು ಕೆಳಗಿಟ್ಟು ಸಾಲಾಗಿ ನಿಂತಿದ್ದರು. ಎಲ್ಲರಿಗಿಂತ ಮುಂದೆ, ಸಾಕ್ಸ್ ಕೂಡ ತೆಗೆದು, ಕೈ ಮುಗಿದು ನಿಂತವನು ಪಬ್ಬಿನ ಮ್ಯಾನೇಜರ್.